ಕುದಿಯುವ ಕಾರಿನ ರೋಗನಿದಾನ

ಪೆಟ್ರೋಲು ಕಾರಿನ ಎಂಜಿನ್ ಎಂಬುದು, ನಿಜ ಹೇಳಬೇಕಾದರೆ, ಶಾಖವನ್ನು ಹೊರಕ್ಕೆ ಚೆಲ್ಲುವ ಯಂತ್ರ. ಗಾಡಿಯನ್ನು ಎಳೆಯುವುದು ಅದರ ಉಪಕಸುಬು. ಈ ಮಾತು ವಾಚಕರಿಗೆ ಅತಿಶಯೋಕ್ತಿಯಾಗಿ ತೋರಬಹುದು. ಲೆಕ್ಕವನ್ನೇ ನೋಡೋಣ. ನಾವು ದುಡ್ಡು ಕೊಟ್ಟು ತುಂಬಿಸಿದ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ ಚಕ್ರಗಳ ಕಡೆಗೆ ಹೋಗುತ್ತದೆ. ಹೆಚ್ಚು ಕಡಿಮೆ ಅಷ್ಟೇ ಪಾಲು ಹೊಗೆಕೊಳವೆಯಿಂದ ಬಿಸಿ ಅನಿಲವಾಗಿ ಹೊರಬೀಳುತ್ತದೆ. ಉಳಿದದ್ದು ಎಂಜಿನ್ನಿನ ಗೋಡೆಗಳನ್ನು ಸೇರುತ್ತದೆ. ಸಿಲಿಂಡರಿನೊಳಗೆ ಉರಿಯುವ ಅನಿಲದ ಉಷ್ಣತೆ ೨೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಅನಿಲವನ್ನು ಸುತ್ತುವರಿದಿರುವ ಅಲ್ಯೂಮಿನಿಯಮ್ ಆದರೋ ೬೬೦ ಡಿಗ್ರಿಗೇ ಕರಗುತ್ತದೆ. ಹೀಗಿದ್ದರೂ ಎಂಜಿನ್ ಕರಗಿ ಹರಿಯದೆ ವರ್ಷಗಟ್ಟಲೆ ಬಾಳುವುದು ಅದರ ಗೋಡೆಗಳ ಹಿಂದೆ ಓಡಾಡುವ ಹತ್ತು ಲೀಟರ್ ನೀರಿನ ಕೃಪೆಯಿಂದ.

ಈ ನೀರಿನ ವ್ಯವಸ್ಥೆ ಕೆಟ್ಟಾಗ ಕೆಟ್ಟದ್ದು ಯಾವುದು ಎಂದು ಕಂಡುಹಿಡಿಯುವುದು ಒಂದು ಬಗೆಯ ವೈದ್ಯವೃತ್ತಿ. ರೋಗಿಗೆ ಜ್ವರ ಬಂದಿದೆ ಎಂಬುದನ್ನು ಯಾರು ಬೇಕಾದರೂ ಹೇಳಬಲ್ಲರು. ಜ್ವರ ಏಕೆ ಬಂದಿತು ಎಂದು ಹೇಳುವುದು ವೈದ್ಯನ ಕೆಲಸ. ಈ ಲೇಖನದಲ್ಲಿ ಒಬ್ಬ ಪ್ರಸಿದ್ಧ ರೋಗಿಯನ್ನು ಮುಂದಿಟ್ಟುಕೊಂಡು ಆ ವೈದ್ಯವನ್ನು ಪರಿಶೀಲಿಸೋಣ.

ಇಂಗ್ಲೆಂಡಿನ ಟ್ರಯಂಫ್ ಸಂಸ್ಥೆ ೧೯೭೦ರಲ್ಲಿ ‘ಸ್ಟ್ಯಾಗ್’ ಎಂಬ ಕಾರನ್ನು ಹೊರತಂದಿತು. ಸ್ಟ್ಯಾಗ್ ಎಂದರೆ ಗಂಡು ಜಿಂಕೆ. ಇಟಲಿಯ ಹೆಸರಾಂತ ವಿನ್ಯಾಸಕಾರ ಜೋವಾನ್ನಿ ಮಿಕೆಲೊಟ್ಟಿ ರೂಪಿಸಿದ ಈ ನಾಲ್ಕು ಆಸನಗಳ, ಮೇಲ್ಛಾವಣಿ ತೆಗೆಯಬಹುದಾದ ಕಾರು ಹೆಸರಿಗೆ ತಕ್ಕಂತೆ ಚೆಲುವಾಗಿಯೂ ಚುರುಕಾಗಿಯೂ ಇತ್ತು. ಅದಕ್ಕೆಂದೇ ನಿರ್ಮಿಸಿದ ಎಂಟು ಸಿಲಿಂಡರುಗಳ ಎಂಜಿನ್ನಿನ ಗಾತ್ರ ೨೯೯೭ ಘನ ಸೆಂಟಿಮೀಟರ್. ಶಕ್ತಿ ೧೪೫ ಅಶ್ವಶಕ್ತಿ. ೧೯೭೭ರವರೆಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಸ್ಟ್ಯಾಗುಗಳು ತಯಾರಾದವು. ಆದರೆ ಈ ಕಾರಿಗೆ ಚರಿತ್ರೆಯಲ್ಲಿ ಉಳಿದ ಹೆಸರು ಚೆಲುವಿನಿಂದ ಬಂದದ್ದಲ್ಲ. ಕುದಿಯುವ ಕಾರು ಎಂದು ಅದು ಕುಖ್ಯಾತವಾಯಿತು. ಬೇಸಗೆಯ ದಿನ ಹೆದ್ದಾರಿಯ ಅಂಚಿನಲ್ಲಿ ಬಾನೆಟ್ ಎತ್ತಿ, ಮೇಲೇಳುತ್ತಿರುವ ಹಬೆಯನ್ನು ನೋಡುತ್ತ ನಿಂತ ಯಜಮಾನನ ಚಿತ್ರ ಆ ಕಾರಿನೊಡನೆ ಅಂಟಿಕೊಂಡಿತು. ಎಷ್ಟೋ ಮಂದಿ ರೋಸಿಹೋಗಿ ಮೂಲ ಎಂಜಿನ್ನನ್ನೇ ಕಿತ್ತುಹಾಕಿ ರೋವರ್ ಎಂಜಿನ್ನನ್ನು ಕೂರಿಸಿಕೊಂಡರು.

ರೋಗವನ್ನು ತಿಳಿಯುವ ಮೊದಲು ಆರೋಗ್ಯವನ್ನು ತಿಳಿಯಬೇಕು. ಇಂಥ ಕಾರು ಹೆದ್ದಾರಿಯಲ್ಲಿ ಸಮವೇಗದಿಂದ ಓಡುವಾಗ ಚಕ್ರಗಳಿಗೆ ೩೦ ಕಿಲೋವಾಟ್ ಸಾಮರ್ಥ್ಯ ಬೇಕೆಂದು ಇಟ್ಟುಕೊಳ್ಳೋಣ. ಆಗ ಹೆಚ್ಚು ಕಡಿಮೆ ಅಷ್ಟೇ ಶಾಖವನ್ನು, ಅಂದರೆ ಸೆಕೆಂಡಿಗೆ ೩೦ ಕಿಲೋಜೂಲುಗಳನ್ನು, ನೀರು ಹೊತ್ತೊಯ್ಯಬೇಕು. ಸ್ನಾನದ ಮನೆಯ ಎರಡು ಕಿಲೋವಾಟಿನ ಹೀಟರುಗಳು ಹದಿನೈದು ಒಟ್ಟಿಗೆ ಉರಿದರೆ ಬರುವಷ್ಟು ಶಾಖ ಇದು. ರೇಡಿಯೇಟರಿನಲ್ಲಿ ನೀರು ೮ ಡಿಗ್ರಿ ತಣ್ಣಗಾಗುತ್ತದೆಂದರೆ, ಒಂದು ಕಿಲೋಗ್ರಾಂ ನೀರು ೮ × ೪.೨, ಎಂದರೆ ಸುಮಾರು ೩೪ ಕಿಲೋಜೂಲುಗಳನ್ನು ಬಿಟ್ಟುಕೊಡುತ್ತದೆ. ಆದುದರಿಂದ ಸೆಕೆಂಡಿಗೆ ೦.೯ ಲೀಟರಿನಂತೆ, ಮಿನಿಟಿಗೆ ಸುಮಾರು ೫೪ ಲೀಟರ್ ನೀರು ಹರಿಯಬೇಕು. ವ್ಯವಸ್ಥೆಯಲ್ಲಿರುವುದು ಹತ್ತು ಲೀಟರ್ ಮಾತ್ರ. ಒಂದೊಂದು ಹನಿಯೂ ಮಿನಿಟಿಗೆ ಐದು ಸಲಕ್ಕಿಂತ ಹೆಚ್ಚಾಗಿ ಪ್ರದಕ್ಷಿಣೆ ಮಾಡಬೇಕಾಯಿತು!

ಈ ಪ್ರದಕ್ಷಿಣೆ ಒಮ್ಮೆಗೇ ನಿಂತುಹೋದರೆ? ಹತ್ತು ಲೀಟರ್ ನೀರೂ ನೂರೈವತ್ತು ಕಿಲೋಗ್ರಾಂ ಕಬ್ಬಿಣವೂ ಸೇರಿ ಒಂದು ಡಿಗ್ರಿ ಬಿಸಿಯಾಗಲು ಸುಮಾರು ೧೧೦ ಕಿಲೋಜೂಲು ಬೇಕು. ಸೆಕೆಂಡಿಗೆ ೩೦ ಕಿಲೋಜೂಲು ಬಂದು ಬೀಳುತ್ತಿರುವಾಗ ೮೫ ಡಿಗ್ರಿಯಿಂದ ೧೨೦ ಡಿಗ್ರಿಗೆ ಏರಲು ಎರಡು ಮಿನಿಟುಗಳಿಗಿಂತ ತುಸು ಹೆಚ್ಚು ಕಾಲ ಸಾಕು. ವಾಸ್ತವದಲ್ಲಿ ಇಷ್ಟು ಕಾಲವೂ ಸಿಗುವುದಿಲ್ಲ. ಶಾಖವು ಎಲ್ಲ ಕಡೆಯೂ ಸಮನಾಗಿ ಹಂಚಿಹೋಗದೆ, ಉರಿಯುವ ಕೋಣೆಗಳ ಸುತ್ತಲಿನ ಲೋಹದಲ್ಲಿ ಮೊದಲು ಶೇಖರವಾಗುತ್ತದೆ. ಚಾಲಕನು ಕಣ್ಣೆದುರಿನ ಮುಳ್ಳನ್ನು ಗಮನಿಸದೆ ಒಂದು ಹಾಡು ಕೇಳಿ ಮುಗಿಸುವಷ್ಟರಲ್ಲಿ ಎಂಜಿನ್ ಹಾಳಾಗಿರುತ್ತದೆ.

ನೀರಿನಿಂದ ಶಾಖವನ್ನು ಗಾಳಿಗೆ ದಾಟಿಸುವ ಅಂಗಕ್ಕೆ ರೇಡಿಯೇಟರ್, ಎಂದರೆ ವಿಕಿರಣಕಾರಿ, ಎಂಬ ಹೆಸರು ಬಂದಿದೆ. ಈ ಹೆಸರನ್ನು ಇಟ್ಟವರು ಭೌತಶಾಸ್ತ್ರದ ಪರೀಕ್ಷೆಗೆ ಕೂತಿದ್ದರೆ ಅನುತ್ತೀರ್ಣರಾಗುತ್ತಿದ್ದರು. ಕಾಲು ಚದರ ಮೀಟರ್ ಅಗಲದ ರೇಡಿಯೇಟರು ೯೦ ಡಿಗ್ರಿಯಲ್ಲಿದ್ದು, ಸುತ್ತಣ ಗಾಳಿ ೩೦ ಡಿಗ್ರಿಯಲ್ಲಿದ್ದರೆ, ಸ್ಟೀಫನ್ನನ ನಿಯಮದ ಪ್ರಕಾರ ಅದರ ಎರಡೂ ಮುಖಗಳಿಂದ ವಿಕಿರಣದ ಮೂಲಕ ಹೊರಡುವ ಶಾಖ ಸುಮಾರು ೨೫೦ ವಾಟ್. ಬೇಕಾದದ್ದರಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. ಮಿಕ್ಕದ್ದೆಲ್ಲ ತೆಳುರೆಕ್ಕೆಗಳ ಸಂದಿಯಲ್ಲಿ ನುಗ್ಗುವ ಗಾಳಿಗೆ ಸೇರುತ್ತದೆ. ಗಾಳಿ ನುಗ್ಗದಿದ್ದರೆ ರೇಡಿಯೇಟರು ಬರಿಯ ಬಿಸಿನೀರಿನ ಪೆಟ್ಟಿಗೆ. ಸ್ಪೋರ್ಟ್ಸ್ ಕಾರುಗಳ ಕಷ್ಟ ಇಲ್ಲಿಯೇ ಮೊದಲಾಗುತ್ತದೆ. ಎಂಜಿನ್ ಬಲವಾದದ್ದು, ಮೂಗು ತಗ್ಗಾದದ್ದು, ಬಾನೆಟ್ಟಿನೊಳಗೆ ಕೈ ತೂರದಷ್ಟು ಇಕ್ಕಟ್ಟು. ನುಗ್ಗಿದ ಗಾಳಿ ಹೊರಹೋಗುವುದಕ್ಕೂ ದಾರಿ ಬೇಡವೆ?

ಇನ್ನು ಎರಡು ಚಿಕ್ಕ ಅಂಗಗಳನ್ನು ಹೇಳಬೇಕು. ಒಂದು ಥರ್ಮೋಸ್ಟಾಟ್. ಹೆಬ್ಬೆರಳ ಗಾತ್ರದ ಲೋಹದ ಡಬ್ಬಿಯಲ್ಲಿ ಮೇಣವನ್ನು ತುಂಬಿರುತ್ತದೆ. ಸುಮಾರು ೮೨ ಡಿಗ್ರಿಯಲ್ಲಿ ಮೇಣ ಕರಗಿ ಹಿಗ್ಗಿ ಒಂದು ಕಡ್ಡಿಯನ್ನು ಹೊರಕ್ಕೆ ತಳ್ಳುತ್ತದೆ; ಬಾಗಿಲು ತೆರೆಯುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತಿರುತ್ತದೆ. ಇದರಿಂದ ತಣ್ಣನೆಯ ಎಂಜಿನ್ ಬೇಗ ಹದಕ್ಕೆ ಬರುತ್ತದೆ. ವಿದ್ಯುತ್ತೂ ಬೇಡ, ಸ್ಪ್ರಿಂಗಿನ ಹೊರತು ಬೇರೆ ಯಂತ್ರವೂ ಬೇಡ. ಪದಾರ್ಥವೊಂದರ ದ್ರವನಬಿಂದುವನ್ನೇ ಕಾವಲುಗಾರನನ್ನಾಗಿ ನಿಲ್ಲಿಸಿದ ಜಾಣ್ಮೆಗೆ ನಾನಂತೂ ಪ್ರತಿವರ್ಷ ತರಗತಿಯಲ್ಲಿ ತಲೆದೂಗುತ್ತೇನೆ.

ಇನ್ನೊಂದು ರೇಡಿಯೇಟರಿನ ಮುಚ್ಚಳ. ಇದನ್ನು ಬರಿಯ ಮುಚ್ಚಳವೆಂದು ತಿಳಿದವರೇ ಹೆಚ್ಚು. ಒಳಗೆ ಸ್ಪ್ರಿಂಗ್ ಒತ್ತಿ ಹಿಡಿದ ಕವಾಟವಿದ್ದು, ಒತ್ತಡ ಗೊತ್ತಾದ ಮಟ್ಟಕ್ಕೆ ಏರುವವರೆಗೂ ಅದು ತೆರೆಯುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೯೭ ಡಿಗ್ರಿಗೇ ಕುದಿಯುತ್ತದೆಂಬುದನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ಒತ್ತಡ ಇಳಿದರೆ ಕುದಿಬಿಂದು ಇಳಿಯುತ್ತದೆ; ಏರಿದರೆ ಏರುತ್ತದೆ. ಮನೆಯ ಪ್ರೆಷರ್ ಕುಕ್ಕರಿನಲ್ಲಿ ನಡೆಯುವುದೂ ಇದೇ. ವಾಯುಮಂಡಲದ ಮೇಲೆ ಇನ್ನೊಂದು ವಾಯುಮಂಡಲದಷ್ಟು ಒತ್ತಡವನ್ನು ಮುಚ್ಚಳ ತಡೆದರೆ ನೀರು ೧೨೦ ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಸ್ಪ್ರಿಂಗ್ ಸೋತ ಮುಚ್ಚಳವುಳ್ಳ ಕಾರು ಉಳಿದ ಅಂಗಗಳೆಲ್ಲ ಸರಿಯಿದ್ದರೂ ನೀರನ್ನು ಉಗುಳುತ್ತದೆ. ಬೆಲೆ ಅಲ್ಪ, ಬದಲಾಯಿಸುವುದು ಕ್ಷಣದ ಕೆಲಸ. ಆದ್ದರಿಂದಲೇ ಏನೋ ಯಾರೂ ಅದನ್ನು ಮೊದಲು ಸಂದೇಹಿಸುವುದಿಲ್ಲ.

ಈಗ ರೋಗಿಯ ಬಳಿಗೆ ಹೋಗೋಣ. ನುರಿತ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳುತ್ತಾನೆ: ‘ಯಾವಾಗ ಬಿಸಿಯಾಗುತ್ತದೆ?’ ಈ ಒಂದು ಪ್ರಶ್ನೆಯ ಉತ್ತರದಲ್ಲಿ ಅರ್ಧ ನಿದಾನ ಅಡಗಿದೆ.

ಊರೊಳಗೆ ವಾಹನಗಳ ಸಂದಣಿಯಲ್ಲಿ ತೆವಳುವಾಗ ಮುಳ್ಳು ಏರುತ್ತದೆ, ಹೆದ್ದಾರಿಗೆ ಬಿದ್ದೊಡನೆ ಇಳಿಯುತ್ತದೆ ಎಂದರೆ ನೀರಿನ ಕಡೆ ದೋಷವಿಲ್ಲ. ಗಾಳಿಯ ಕಡೆ ಇದೆ. ಓಟದಲ್ಲಿ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಫ್ಯಾನು ಅದನ್ನು ಎಳೆಯಬೇಕು. ಸ್ಟ್ಯಾಗಿನ ಕಾಲದ ಅನೇಕ ಕಾರುಗಳಲ್ಲಿ ಫ್ಯಾನನ್ನು ಎಂಜಿನ್ನಿಗೆ ನೇರವಾಗಿ ಬಿಗಿಯದೆ, ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಒಂದು ಬಿಲ್ಲೆಯನ್ನು ಇಟ್ಟಿದ್ದರು. ಎಣ್ಣೆಯ ಸ್ನಿಗ್ಧತೆಯೇ ಇಲ್ಲಿ ಬಲವನ್ನು ದಾಟಿಸುವ ಕೊಂಡಿ. ಎಣ್ಣೆ ಸೋರಿಹೋದರೆ ಫ್ಯಾನು ತಿರುಗುತ್ತಿರುವಂತೆ ಕಾಣುತ್ತದೆ, ಆದರೆ ಗಾಳಿಯನ್ನು ಎಳೆಯುವುದಿಲ್ಲ. ಬಿಸಿಯೇರಿದ ಎಂಜಿನ್ನನ್ನು ನಿಲ್ಲಿಸಿ, ಫ್ಯಾನಿನ ಅಲಗನ್ನು ಬೆರಳಿನಿಂದ ತಳ್ಳಿ ನೋಡಬೇಕು. ಎಣ್ಣೆಯ ತಡೆ ಕೈಗೆ ತಿಳಿಯದೆ ಗಿರ್ರನೆ ಸುತ್ತಿದರೆ ಕೊಂಡಿ ಸತ್ತಿದೆ. ಈಚಿನ ಕಾರುಗಳಲ್ಲಿರುವುದು ವಿದ್ಯುತ್ ಫ್ಯಾನು; ಅಲ್ಲಿ ನೋಡಬೇಕಾದದ್ದು ಫ್ಯೂಸು, ರಿಲೇ ಮತ್ತು ಉಷ್ಣತೆಯನ್ನು ಅರಿತು ಫ್ಯಾನನ್ನು ಚಾಲೂ ಮಾಡುವ ಸ್ವಿಚ್ಚು.

ಇದಕ್ಕೆ ವಿರುದ್ಧವಾಗಿ, ನಿಧಾನದಲ್ಲಿ ಆರಾಮವಾಗಿದ್ದು ವೇಗದಲ್ಲಿ ಅಥವಾ ಏರುದಾರಿಯಲ್ಲಿ ಬಿಸಿಯಾದರೆ ಗಾಳಿಯನ್ನು ದೂರಿ ಫಲವಿಲ್ಲ. ಶಾಖ ಹೆಚ್ಚಿದಾಗ ನೀರು ಅದನ್ನು ಸಾಗಿಸಲಾರದೆ ಹೋಗಿದೆ. ರೇಡಿಯೇಟರಿನ ನಾಳಗಳು ಮಡ್ಡಿಯಿಂದ ಕಟ್ಟಿಕೊಂಡಿರಬಹುದು. ಪಂಪು ಸವೆದಿರಬಹುದು. ಪಂಪು ಎಳೆಯುವ ಕಡೆಯ ರಬ್ಬರು ಕೊಳವೆ ಮೆತ್ತಗಾಗಿ, ವೇಗ ಹೆಚ್ಚಿದಾಗ ಒಳಗಣ ಒತ್ತಡ ತಗ್ಗಿ, ಹೊರಗಣ ವಾಯುವಿನ ಒತ್ತಡಕ್ಕೆ ಚಪ್ಪಟೆಯಾಗುತ್ತಿರಬಹುದು. ಈ ಕೊನೆಯದು ಬಹು ಕಪಟದ ದೋಷ. ಗ್ಯಾರೇಜಿನಲ್ಲಿ ನಿಂತ ಕಾರಿನಲ್ಲಿ ಕೊಳವೆ ದುಂಡಗೆ ಆರೋಗ್ಯವಾಗಿ ಕಾಣುತ್ತದೆ. ಎಂಜಿನ್ನಿನ ವೇಗ ಏರಿಸಿ ನೋಡಿದರೆ ಮಾತ್ರ ಅದು ಒಳಕ್ಕೆ ಸೊರಗುವುದು ಕಾಣುತ್ತದೆ.

ನಾಳಗಳು ಕಟ್ಟಿಕೊಂಡಿವೆಯೇ ಎಂದು ತಿಳಿಯಲು ಇಂದು ಅವಗೆಂಪು ಕಿರಣಗಳಿಂದ ಉಷ್ಣತೆ ಅಳೆಯುವ ಕೈಯುಪಕರಣಗಳಿವೆ. ಬಿಸಿಯಾದ ರೇಡಿಯೇಟರಿನ ಮೇಲೆ ಗುರಿಯಿಡುತ್ತ ಹೋದರೆ ನೀರು ಹರಿಯದ ಭಾಗ ತಣ್ಣನೆಯ ಕಲೆಯಂತೆ ಗೋಚರಿಸುತ್ತದೆ. ಆದರೆ ಇಲ್ಲೊಂದು ಎಚ್ಚರ ಬೇಕು. ಹೊಳೆಯುವ ಲೋಹ ವಿಕಿರಣವನ್ನು ಕಡಿಮೆ ಸೂಸುತ್ತದೆ. ಆದ್ದರಿಂದ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಮ್ ಭಾಗದತ್ತ ಗುರಿಯಿಟ್ಟರೆ ಉಪಕರಣ ನಿಜಕ್ಕಿಂತ ಎಷ್ಟೋ ಕಡಿಮೆ ಉಷ್ಣತೆಯನ್ನು ತೋರಿಸಿ ನಮ್ಮನ್ನು ಮೋಸಗೊಳಿಸುತ್ತದೆ. ಒಂದು ತುಂಡು ಕಪ್ಪು ಟೇಪನ್ನು ಅಂಟಿಸಿ ಅದರತ್ತ ಗುರಿಯಿಟ್ಟರೆ ಸರಿಯಾದ ಅಂಕಿ ಸಿಗುತ್ತದೆ. ಕಪ್ಪು ಕಾಯದ ಪಾಠವನ್ನು ಪರೀಕ್ಷೆಗಾಗಿ ಉರುಹೊಡೆದವರಿಗೆ ಇದು ಹೊಳೆಯುವುದೇ ಇಲ್ಲ.

ಮೂರನೆಯ ಬಗೆಯ ಉತ್ತರವೂ ಉಂಟು: ‘ಹೊರಟು ಐದು ಮಿನಿಟಿಗೇ ಕುದಿಯುತ್ತದೆ.’ ಆಗ ಸಂದೇಹ ಥರ್ಮೋಸ್ಟಾಟಿನ ಮೇಲೆ. ಎಂಜಿನ್ ಬಿಸಿಯಾಗುತ್ತಿದ್ದರೂ ರೇಡಿಯೇಟರಿಗೆ ಹೋಗುವ ಮೇಲಿನ ಕೊಳವೆ ತಣ್ಣಗೇ ಇದ್ದರೆ ಬಾಗಿಲು ತೆರೆದಿಲ್ಲ. ಥರ್ಮೋಸ್ಟಾಟನ್ನು ಬಿಚ್ಚಿ, ದಾರ ಕಟ್ಟಿ, ನೀರಿನ ಪಾತ್ರೆಯಲ್ಲಿ ತೂಗಬಿಟ್ಟು, ಪಕ್ಕದಲ್ಲಿ ಉಷ್ಣತಾಮಾಪಕವನ್ನಿಟ್ಟು ಕಾಯಿಸಬೇಕು. ಪಾತ್ರೆಯ ತಳಕ್ಕೆ ತಾಗಬಾರದು. ತಳ ನೀರಿಗಿಂತ ಬಿಸಿಯಾಗಿರುತ್ತದೆ. ಪ್ರಯೋಗಶಾಲೆಯಲ್ಲಿ ಈ ಪ್ರಯೋಗ ಮಾಡಿಸಿದಾಗ ನನ್ನ ವಿದ್ಯಾರ್ಥಿಗಳು ಎಂಬತ್ತು ಡಿಗ್ರಿಯವರೆಗೆ ಆಕಳಿಸುತ್ತಿದ್ದು, ಬಾಗಿಲು ತೆರೆಯತೊಡಗಿದೊಡನೆ ಬೆಂಚಿನ ಮೇಲೆ ಬಾಗುವುದನ್ನು ಕಂಡಿದ್ದೇನೆ.

ಥರ್ಮೋಸ್ಟಾಟ್ ಸರಿಯಿದ್ದೂ ಬೇಗ ಕುದಿದರೆ, ನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಪಂಪಿನ ಚಕ್ರ ನೀರನ್ನು ಹೊರಕ್ಕೆ ಎಸೆಯುವುದು ಕೇಂದ್ರಾಪಗಾಮಿ ಪ್ರವೃತ್ತಿಯಿಂದ. ಹೀಗೆ ಹುಟ್ಟುವ ಒತ್ತಡವು ದ್ರವದ ಸಾಂದ್ರತೆಗೆ ಅನುಗುಣವಾಗಿರುತ್ತದೆ. ಗಾಳಿಯ ಸಾಂದ್ರತೆ ನೀರಿನದರ ಸಾವಿರದ ಒಂದು ಪಾಲಿನಷ್ಟು. ಆದುದರಿಂದ ಪಂಪಿನೊಳಗೆ ಗಾಳಿ ಹೊಕ್ಕರೆ ಚಕ್ರ ಎಷ್ಟು ಜೋರಾಗಿ ತಿರುಗಿದರೂ ನೀರು ಕದಲುವುದಿಲ್ಲ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಸ್ಟ್ಯಾಗಿನ ದುರಂತದ ಬೀಜ ಇಲ್ಲಿದೆ.

ಇಷ್ಟೆಲ್ಲ ಹೇಳಿದರೂ, ಎಲ್ಲಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಬಿಟ್ಟೆ: ಕಾರು ನಿಜವಾಗಿ ಬಿಸಿಯಾಗಿದೆಯೇ? ಮುಳ್ಳು ಹೇಳುವುದೆಲ್ಲ ಸತ್ಯವಲ್ಲ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಉಷ್ಣತೆಯ ಮುಳ್ಳಿಗೂ ಪೆಟ್ರೋಲಿನ ಮುಳ್ಳಿಗೂ ಒಂದೇ ವೋಲ್ಟೇಜ್ ನಿಯಂತ್ರಕದಿಂದ ಸರಾಸರಿ ಹತ್ತು ವೋಲ್ಟ್ ಒದಗುತ್ತಿತ್ತು. ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಬಿಸಿಯಾಗಿ ಬಾಗಿ ಮಂಡಲವನ್ನು ಕಡಿಯುತ್ತ, ತಣಿದು ಮತ್ತೆ ಕೂಡಿಸುತ್ತ ಈ ಸರಾಸರಿಯನ್ನು ಕಾಯುತ್ತಿತ್ತು. ಪಟ್ಟಿ ಅಂಟಿಕೊಂಡರೆ ಬ್ಯಾಟರಿಯ ಪೂರ್ಣ ವೋಲ್ಟೇಜು ಎರಡು ಮುಳ್ಳುಗಳಿಗೂ ಹರಿದು, ಎಂಜಿನ್ ಕಾದಂತೆಯೂ ಟ್ಯಾಂಕು ತುಂಬಿದಂತೆಯೂ ತೋರುತ್ತಿತ್ತು. ಉಷ್ಣತೆ ಏರಿದಾಗ ಪೆಟ್ರೋಲೂ ಏರಿದರೆ ಕೆಟ್ಟದ್ದು ಎಂಜಿನ್ನಲ್ಲ!

ಇದಕ್ಕಿಂತ ಅಪಾಯಕರವಾದದ್ದು ತದ್ವಿರುದ್ಧವಾದ ಸುಳ್ಳು. ಉಷ್ಣತೆಯನ್ನು ಅರಿಯುವ ಅಂಗ ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ ನಿಜ ಹೇಳುತ್ತದೆ. ನೀರು ಸೋರಿ ಮಟ್ಟ ಇಳಿದು ಅದು ಗಾಳಿಯಲ್ಲಿ ಉಳಿದರೆ, ಗಾಳಿ ಶಾಖವನ್ನು ಸರಿಯಾಗಿ ಮುಟ್ಟಿಸದ ಕಾರಣ ಮುಳ್ಳು ಕೆಳಕ್ಕೆ ಇಳಿಯುತ್ತದೆ. ಏರುತ್ತಿದ್ದ ಮುಳ್ಳು ತಾನಾಗಿ ಇಳಿದುದನ್ನು ಕಂಡು ಚಾಲಕ ನಿಟ್ಟುಸಿರು ಬಿಡುತ್ತಾನೆ. ಅದೇ ಹೊತ್ತಿಗೆ ಎಂಜಿನ್ನಿನ ತಲೆ ಒಣಗಿ ಸುಡುತ್ತಿರುತ್ತದೆ. ಆಗ ಸತ್ಯ ಹೇಳುವ ಸಾಕ್ಷಿ ಇನ್ನೊಂದಿದೆ: ಕಾರಿನೊಳಕ್ಕೆ ಬಿಸಿಗಾಳಿ ಕೊಡುವ ಹೀಟರು. ಅದರಿಂದ ಬರುತ್ತಿದ್ದ ಬಿಸಿಗಾಳಿ ಇದ್ದಕ್ಕಿದ್ದಂತೆ ತಣ್ಣಗಾದರೆ ನೀರು ಸುತ್ತುವುದು ನಿಂತಿದೆಯೆಂದೇ ತಿಳಿಯಬೇಕು.

ಈಗ ಸ್ಟ್ಯಾಗಿಗೆ ಬರೋಣ. ಸಾಮಾನ್ಯವಾಗಿ ಎಂಜಿನ್ನಿನ ಮುಂಭಾಗದಲ್ಲಿ ತಗ್ಗಿನಲ್ಲಿರುವ ನೀರಿನ ಪಂಪನ್ನು ಈ ಎಂಜಿನ್ನಿನಲ್ಲಿ ಎರಡು ಸಿಲಿಂಡರು ಸಾಲುಗಳ ನಡುವಣ ಕಣಿವೆಯಲ್ಲಿ, ಮೇಲುಗಡೆ, ಕೂರಿಸಿದ್ದರು. ಅದನ್ನು ತಿರುಗಿಸುತ್ತಿದ್ದುದು ಬೆಲ್ಟು ಅಲ್ಲ, ಒಳಗಣ ಹಲ್ಲುಚಕ್ರ. ಹೀಗಾಗಿ ಬೆಲ್ಟು ಕಡಿದು ಪಂಪು ನಿಲ್ಲುವ ಭಯವಿರಲಿಲ್ಲ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಏರ್ಪಾಡು. ಆದರೆ ಸ್ವಲ್ಪ ನೀರು ಸೋರಿದರೂ ಮೊದಲು ಒಣಗುವುದು ಎತ್ತರದಲ್ಲಿರುವ ಅಂಗ. ಬೇರೆ ಕಾರುಗಳಲ್ಲಿ ಒಂದೆರಡು ಲೀಟರ್ ಕೊರತೆಯಾದರೆ ಪಂಪು ಉಳಿದ ನೀರನ್ನು ಸುತ್ತಿಸುತ್ತಲೇ ಇರುತ್ತದೆ. ಚಾಲಕನಿಗೆ ಎಚ್ಚರಿಕೆ ಸಿಗುತ್ತದೆ. ಇಲ್ಲಿ ಪಂಪು ಗಾಳಿಯನ್ನು ನುಂಗಿತು, ಪ್ರದಕ್ಷಿಣೆ ನಿಂತಿತು. ಮುಂದಿನ ಎರಡು ಮಿನಿಟುಗಳ ಲೆಕ್ಕವನ್ನು ನಾವು ಆಗಲೇ ಮಾಡಿದ್ದೇವೆ.

ನೀರೇಕೆ ಕಡಿಮೆಯಾಗಬೇಕು? ಕಾರಣಗಳು ಒಂದನ್ನೊಂದು ಕೈಹಿಡಿದು ಬಂದವು. ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣ, ತಲೆಗಳು ಅಲ್ಯೂಮಿನಿಯಮ್. ಎರಡು ಭಿನ್ನ ಲೋಹಗಳನ್ನು ಕೂಡಿಸಿ, ಲವಣ ಕರಗಿದ ನೀರಿನಲ್ಲಿ ಅದ್ದಿದರೆ ಅದೊಂದು ವಿದ್ಯುತ್ ಕೋಶವೇ ಆಯಿತಲ್ಲವೆ? ಈ ಕೋಶದಲ್ಲಿ ಸವೆದುಹೋಗುವ ಲೋಹ ಅಲ್ಯೂಮಿನಿಯಮ್. ಅದರಿಂದ ಹುಟ್ಟಿದ ಬೆಳ್ಳನೆಯ ಮಡ್ಡಿ ರೇಡಿಯೇಟರಿನ ಕಿರಿದಾದ ನಾಳಗಳಲ್ಲಿ ಹೋಗಿ ಕೂತಿತು. ಇದನ್ನು ತಡೆಯುವ ರಾಸಾಯನಿಕಗಳು ‘ಆಂಟಿಫ್ರೀಜ್’ ಎಂಬ ದ್ರವದಲ್ಲಿರುತ್ತವೆ. ಹೆಸರೇ ಹೇಳುವಂತೆ ಅದು ಹೆಪ್ಪುಗಟ್ಟುವುದನ್ನು ತಡೆಯುವ ದ್ರವ. ಹಾಗೆಂದ ಮೇಲೆ ಚಳಿಗಾಲಕ್ಕೆ ಮಾತ್ರ ಬೇಕಾದದ್ದೆಂದು ಜನ ಭಾವಿಸಿದರೆ ಆಶ್ಚರ್ಯವೇನು? ಈ ಎಂಜಿನ್ನಿಗೆ ವರ್ಷದ ಹನ್ನೆರಡು ತಿಂಗಳೂ ಅದು ಬೇಕೆಂಬುದು ಎಷ್ಟೋ ಯಜಮಾನರಿಗೆ ಮಾತ್ರವಲ್ಲ, ಮಾರಾಟಗಾರರ ಗ್ಯಾರೇಜುಗಳಿಗೂ ಮನಸ್ಸಿಗೆ ಹತ್ತಲಿಲ್ಲ. ರೇಡಿಯೇಟರಿಗೆ ವಿಕಿರಣದ ಹೆಸರಿಟ್ಟದ್ದು ತಮಾಷೆಯ ತಪ್ಪು. ಈ ದ್ರವದ ಹೆಸರಿನಿಂದಾದ ತಪ್ಪು ತಿಳಿವಳಿಕೆಗೆ ಎಂಜಿನ್ನುಗಳು ಬಲಿಯಾದವು.

ಇದರ ಮೇಲೆ ಎರಕದ ದೋಷವೂ ಸೇರಿತು. ಬ್ಲಾಕನ್ನು ಎರಕ ಹೊಯ್ಯುವಾಗ ನೀರಿನ ದಾರಿಗಳ ಆಕಾರಕ್ಕೆ ಮರಳಿನ ಅಚ್ಚನ್ನು ಇಡುತ್ತಾರೆ. ಲೋಹ ಗಟ್ಟಿಯಾದ ಮೇಲೆ ಮರಳನ್ನು ಪೂರ್ತಿ ಹೊರತೆಗೆಯಬೇಕು. ಸ್ಟ್ಯಾಗಿನ ಎಂಜಿನ್ನುಗಳಲ್ಲಿ ಕೆಲವುದರೊಳಗೆ ಆ ಮರಳು ಉಳಿದುಬಿಟ್ಟಿತ್ತು. ತಲೆಯನ್ನು ಬ್ಲಾಕಿಗೆ ಬಿಗಿಯುವ ಏರ್ಪಾಡೂ ವಿಚಿತ್ರವಾಗಿತ್ತು: ಒಂದು ಸಾಲಿನ ಬೋಲ್ಟುಗಳು ನೇರ, ಇನ್ನೊಂದು ಸಾಲಿನವು ಓರೆ. ಅಲ್ಯೂಮಿನಿಯಮ್ ಕಬ್ಬಿಣದ ಎರಡರಷ್ಟು ಹಿಗ್ಗುವ ಲೋಹ. ನಾಲ್ವತ್ತು ಸೆಂಟಿಮೀಟರ್ ಉದ್ದದ ತಲೆ ೧೦೦ ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ೦.೯ ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಕಬ್ಬಿಣ ೦.೪೫ ಮಿಲಿಮೀಟರ್. ಬೋಲ್ಟುಗಳು ಬಿಗಿದು ಹಿಡಿದಿರುವಾಗ ಈ ಅರ್ಧ ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ತಲೆ ಸೊಟ್ಟಗಾಗುತ್ತದೆ. ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಸೊಟ್ಟಗಾದರೂ ನಡುವಣ ಗ್ಯಾಸ್ಕೆಟ್ ಬಿಟ್ಟುಕೊಡುತ್ತದೆ.

ಗ್ಯಾಸ್ಕೆಟ್ ಹೋಯಿತೆಂದು ಹೊಸದನ್ನು ಹಾಕಿ ಕಳಿಸಿದ ಗ್ಯಾರೇಜುಗಳಿಗೆ ಅದೇ ಕಾರು ಮರಳಿ ಬಂದದ್ದು ಸಹಜ. ಗ್ಯಾಸ್ಕೆಟ್ ಹೋದದ್ದು ರೋಗದ ಫಲ, ಕಾರಣವಲ್ಲ. ರೇಡಿಯೇಟರಿನ ಮಡ್ಡಿಯೂ ಬ್ಲಾಕಿನ ಮರಳೂ ಇದ್ದಲ್ಲಿಯೇ ಇದ್ದವು. ಆದರೆ ಕಾರ್ಯಕಾರಣಗಳ ಸರಪಳಿ ಇಲ್ಲಿ ಹಿಂದಕ್ಕೂ ತಿರುಗುತ್ತದೆಂಬುದನ್ನು ಗಮನಿಸಬೇಕು. ಒಮ್ಮೆ ಗ್ಯಾಸ್ಕೆಟ್ ಸೀಳಿದ ಮೇಲೆ ಉರಿದ ಅನಿಲ ನೀರಿನ ದಾರಿಗೆ ನುಗ್ಗಿ, ನೀರನ್ನು ಹೊರದೂಡಿ, ಪಂಪಿಗೆ ಗಾಳಿ ತುಂಬಿಸಿ ಮತ್ತೆ ಕುದಿತಕ್ಕೆ ಕಾರಣವಾಗುತ್ತದೆ. ಆದುದರಿಂದ ಗ್ಯಾಸ್ಕೆಟ್ಟಿನ ಪರೀಕ್ಷೆಯನ್ನು ಬಿಡುವಂತಿಲ್ಲ.

ಈ ಪರೀಕ್ಷೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಮೆಚ್ಚಾಗುವಂಥದು. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ನೀರನ್ನು ಸ್ವಲ್ಪ ಕೆಳಗಿಳಿಸಿ, ಬಾಯಿಗೆ ಒಂದು ಗಾಜಿನ ನಳಿಗೆಯನ್ನು ಕೂರಿಸುತ್ತಾರೆ. ನಳಿಗೆಯಲ್ಲಿ ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕದ ದ್ರಾವಣವಿರುತ್ತದೆ. ಎಂಜಿನ್ ನಡೆಯುತ್ತಿರುವಾಗ ನೀರಿನ ಮೇಲಣ ಗಾಳಿಯನ್ನು ರಬ್ಬರು ಚೆಂಡಿನಿಂದ ಎಳೆದು ದ್ರಾವಣದ ಮೂಲಕ ಹಾಯಿಸುತ್ತಾರೆ. ಉರಿದ ಅನಿಲವಿದ್ದರೆ ಅದರ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಕರಗಿ ಆಮ್ಲವಾಗಿ ನೀಲಿ ದ್ರಾವಣವನ್ನು ಹಳದಿಗೆ ತಿರುಗಿಸುತ್ತದೆ. ಸಾಮಾನ್ಯ ಗಾಳಿಯಲ್ಲಿ ಈ ಅನಿಲ ನೂರಕ್ಕೆ ೦.೦೪ ಪಾಲು ಮಾತ್ರ. ಎಂಜಿನ್ನಿನ ಹೊಗೆಯಲ್ಲಿ ಹನ್ನೆರಡು ಪಾಲಿಗೂ ಹೆಚ್ಚು. ಬಣ್ಣ ಬದಲಾದರೆ ಸಂದೇಹಕ್ಕೆ ಎಡೆಯೇ ಇಲ್ಲ. ಬದಲಾಗದಿದ್ದರೆ ಸಂದೇಹ ಪೂರ್ತಿ ಹೋಗುವುದಿಲ್ಲ. ಕೆಲವು ಸೀಳುಗಳು ಎಂಜಿನ್ ಭಾರ ಎಳೆಯುವಾಗ ಮಾತ್ರ ಬಾಯಿ ಬಿಡುತ್ತವೆ. ಎಣ್ಣೆ ಹಾಲುಮಜ್ಜಿಗೆಯಂತಾಗಿದೆಯೇ, ಒಂದು ಸಿಲಿಂಡರಿನ ಪ್ಲಗ್ಗು ಮಾತ್ರ ಹಬೆಯಿಂದ ತೊಳೆದಂತೆ ಬೆಳ್ಳಗಿದೆಯೇ, ಬಿಸಿಯಾದ ಮೇಲೂ ಹೊಗೆ ಬೆಳ್ಳಗಿದೆಯೇ ಎಂದೂ ನೋಡಬೇಕು.

ದಾರಿಯಲ್ಲಿ ಮುಳ್ಳು ಏರಿದಾಗ ಮಾಡಬೇಕಾದದ್ದನ್ನು ಹೇಳದೆ ಬಿಟ್ಟರೆ ಅಪಚಾರವಾದೀತು. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಬೇಕು. ಅದೂ ಒಂದು ಚಿಕ್ಕ ರೇಡಿಯೇಟರೇ. ಸುರಕ್ಷಿತವಾದ ಎಡೆ ಸಿಕ್ಕೊಡನೆ ಕಾರನ್ನು ನಿಲ್ಲಿಸಿ ಎಂಜಿನ್ನನ್ನು ಆರಿಸಬೇಕು. ಆರಿಸಿದ ಮೇಲೆ ಮುಳ್ಳು ಇನ್ನೂ ತುಸು ಏರಿದರೆ ಗಾಬರಿಯಾಗಬೇಕಿಲ್ಲ; ಪಂಪು ನಿಂತುದರಿಂದ ಲೋಹದಲ್ಲಿದ್ದ ಶಾಖ ನಿಂತ ನೀರಿಗೆ ಇಳಿಯುತ್ತಿರುತ್ತದೆ. ಕೆಂಪಗೆ ಕಾದ ಎಂಜಿನ್ನಿಗೆ ತಣ್ಣೀರು ಸುರಿದು ಬಿರುಕು ಬಿಡಿಸಬಾರದು. ಇನ್ನು ಮುಚ್ಚಳ! ಅದರ ಮೇಲೆ ಕೈಯಿಡಲೇಬಾರದು. ಏಕೆಂಬುದಕ್ಕೆ ಲೆಕ್ಕವೇ ಉತ್ತರ. ೧೧೫ ಡಿಗ್ರಿಯಲ್ಲಿ ಒತ್ತಡದಡಿ ಇರುವ ಹತ್ತು ಲೀಟರ್ ನೀರಿನ ಮುಚ್ಚಳ ತೆರೆದರೆ ಅದು ಕೂಡಲೇ ೧೦೦ ಡಿಗ್ರಿಗೆ ಇಳಿಯಬೇಕು. ಹಾಗೆ ಇಳಿಯುವಾಗ ಬಿಡುಗಡೆಯಾಗುವ ಶಾಖ ೧೦ × ೪.೨ × ೧೫, ಎಂದರೆ ೬೩೦ ಕಿಲೋಜೂಲು. ಒಂದು ಕಿಲೋಗ್ರಾಂ ನೀರು ಹಬೆಯಾಗಲು ಬೇಕಾದ ಗುಪ್ತೋಷ್ಣ ೨೨೫೭ ಕಿಲೋಜೂಲು. ಆದ್ದರಿಂದ ಸುಮಾರು ೨೮೦ ಗ್ರಾಂ ನೀರು ಕ್ಷಣದಲ್ಲಿ ಹಬೆಯಾಗುತ್ತದೆ. ಅದರ ಗಾತ್ರ ಸುಮಾರು ೪೭೦ ಲೀಟರ್. ಬೊಗಸೆಯಗಲದ ಬಾಯಿಯಿಂದ ಇಷ್ಟು ಹಬೆ, ಕುದಿನೀರನ್ನೂ ಎಳೆದುಕೊಂಡು, ಮುಚ್ಚಳ ತಿರುಗಿಸಿದವನ ಮುಖದತ್ತ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾಲ ಕಾದು, ಕೊಳವೆ ಕೈಗೆ ತಣ್ಣಗೂ ಮೆತ್ತಗೂ ತಾಗಿದ ಮೇಲೆಯೇ ಮುಚ್ಚಳವನ್ನು ಮುಟ್ಟಬೇಕು.

ಸ್ಟ್ಯಾಗ್ ತಯಾರಿಕೆ ನಿಂತು ಅರ್ಧ ಶತಮಾನವೇ ಆಗುತ್ತ ಬಂದರೂ ಬ್ರಿಟನ್ನಿನಲ್ಲಿ ಸಾವಿರಾರು ಸ್ಟ್ಯಾಗುಗಳು ಇಂದಿಗೂ ಉಳಿದಿವೆ; ಅವುಗಳಲ್ಲಿ ಅನೇಕವು ಮೂಲ ಎಂಜಿನ್ನಿನಿಂದಲೇ ತಣ್ಣಗೆ ಓಡುತ್ತಿವೆ. ಅವುಗಳ ಯಜಮಾನರು ಬ್ಲಾಕಿನ ಮರಳನ್ನು ಕೆರೆದು ತೊಳೆಸಿದ್ದಾರೆ, ಅಗಲವಾದ ರೇಡಿಯೇಟರನ್ನು ಹಾಕಿಸಿದ್ದಾರೆ, ಆಂಟಿಫ್ರೀಜನ್ನು ಬೇಸಗೆಯಲ್ಲಿಯೂ ಬಿಡುವುದಿಲ್ಲ. ಪಂಪಿಗಿಂತ ಎತ್ತರದಲ್ಲಿ ನೀರಿನ ತೊಟ್ಟಿಯೊಂದನ್ನು ಜೋಡಿಸಿಕೊಂಡವರೂ ಉಂಟು. ಇನ್ನು ಕೆಲವರು ನೀರಿನ ಮಟ್ಟಕ್ಕೆ ಒಂದು ಲೋಹದ ಕಡ್ಡಿಯನ್ನು ಇಳಿಬಿಟ್ಟಿದ್ದಾರೆ. ನೀರು ಅದನ್ನು ಮುಟ್ಟಿರುವವರೆಗೆ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತಿರುತ್ತದೆ. ಮಟ್ಟ ಬೆರಳಗಲ ಇಳಿದರೆ ಪ್ರವಾಹ ಕಡಿದು, ಪಂಪು ಗಾಳಿ ನುಂಗುವ ಮೊದಲೇ, ಉಷ್ಣತೆಯ ಮುಳ್ಳು ಕದಲುವ ಮೊದಲೇ, ಚಾಲಕನ ಮುಂದೆ ಕೆಂಪು ದೀಪ ಹತ್ತುತ್ತದೆ.